ಮತ್ತು ಇಬ್ಬರು ಹೆಣ್ಣುಮಕ್ಕಳು

ಕಳೆದ ಭಾನುವಾರ ಮಧ್ಯಾಹ್ನ ಹನ್ನೆರಡು ಮುಕ್ಕಾಲಿಗೆ, ಎರಡನೇ ಪಂಕ್ತಿಯಲ್ಲಿ, ಅರವತ್ತೆಂಟು ವರ್ಷದ ಒಬ್ಬ ಹೆಂಗಸನ್ನು ನಾನು ಊಟದ ಎಲೆಯಿಂದ ಎಬ್ಬಿಸಿಬಿಟ್ಟೆ.

ಕೈ ಹಿಡಿದು ಎಳೆಯಲಿಲ್ಲ. ಒಂದು ಮಾತೂ ಆಡಿರಲಿಲ್ಲ. ಅವರು ಕೂತ ಜಾಗದ ಎದುರು ಗೋಡೆಗೆ ನಾನು ಬರೆದುಕೊಟ್ಟ ಒಂದು ಚಾರ್ಟ್ ತೂಗುಹಾಕಿದ್ದರು, ಅಷ್ಟೇ. ಎಲೆಗೆ ಕೋಸಂಬರಿ ಬಿದ್ದಿತ್ತು. ಅವರು ಕನ್ನಡಕ ಏರಿಸಿ ಚಾರ್ಟ್ ಓದಿದರು. ಎದ್ದರು. ಹೋದರು.

ಗೃಹಪ್ರವೇಶದ ಮನೆಯಲ್ಲಿ ಯಜಮಾನರ ಸ್ವಂತ ಅಕ್ಕ ಊಟ ಬಿಟ್ಟು ಎದ್ದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕೆ? ಅನ್ನದ ಬಕೆಟ್ ಹಿಡಿದವರೂ ನಿಂತರು.

ಇದರ ಬೇರು ಇರುವುದು ಇಂಗ್ಲೆಂಡಿನಲ್ಲಿ. (ನಗಬೇಡಿ.) ನಾನು ರಾಜಾಜಿನಗರದ ಒಂದು ಆಫೀಸಿನಲ್ಲಿ ಹೊರದೇಶದ ಪ್ರಕಾಶಕರಿಗೆ ಪುಟ ಜೋಡಿಸುವ ಕೆಲಸ ಮಾಡುತ್ತೇನೆ. ಕರಡು ನೋಡುವುದು, ಪುಸ್ತಕದ ಹಿಂದಿನ ಪದಸೂಚಿ ತಯಾರಿಸುವುದು, ವಂಶವೃಕ್ಷದ ಚಾರ್ಟ್ ಬರೆಯುವುದು. ಎರಡು ತಿಂಗಳಿಂದ ನನ್ನ ಮೇಜಿನ ಮೇಲಿರುವುದು ಮಧ್ಯಯುಗದ ಒಂದು ಇಂಗ್ಲಿಷ್ ಸಾಮಂತ ಮನೆತನ. ಹೆಸರು ಹೇಳುವಂತಿಲ್ಲ, ಪುಸ್ತಕ ಇನ್ನೂ ಅಚ್ಚಾಗಿಲ್ಲ. ಎಂಟು ತಲೆಮಾರು. ಅದರಲ್ಲಿ ಜಾನ್‌ಗಳೇ ಹನ್ನೊಂದು ಜನ. (ಎಣಿಸಿದ್ದೇನೆ. ನನ್ನ ಎಣಿಕೆಯ ಹುಚ್ಚು ಈ ಅಂಕಣದ ಓದುಗರಿಗೆ ಹೊಸದಲ್ಲ.)

ಅವರ ಕಥೆ ನಮ್ಮ ಟೀವಿ ಚರ್ಚೆಗಳಿಗಿಂತ ಚೆನ್ನಾಗಿದೆ. ಒಬ್ಬನು ರಾಜನಿಗೆ ನಿಷ್ಠನಾಗಿದ್ದು ಮೂರು ಕೋಟೆ ಗಳಿಸಿದ. ಅವನ ಮಗ ಬಂಡಾಯಗಾರರ ಜೊತೆ ಸೇರಿ ತಲೆ ಕಳೆದುಕೊಂಡ, ಕೋಟೆಗಳೂ ಹೋದವು. ಮೊಮ್ಮಗ ಹೊಸ ರಾಜನ ಕಾಲು ಹಿಡಿದು ಎರಡನ್ನು ವಾಪಸ್ ತಂದ. ಮುಂದಿನವನು ಗಂಡುಮಕ್ಕಳಿಲ್ಲದ ಒಬ್ಬ ಶ್ರೀಮಂತನ ಮಗಳನ್ನು ಮದುವೆಯಾಗಿ, ಹೆಂಡತಿಯ ಹಕ್ಕಿನಿಂದ ಅರ್ಲ್ ಎಂಬ ದೊಡ್ಡ ಪದವಿಯನ್ನೇ ಪಡೆದ. ಆಮೇಲೆ ಎರಡು ಸಲ ಪಕ್ಷ ಬದಲಿಸಿ ಯುದ್ಧದಲ್ಲಿ ಸತ್ತ.

ಇಷ್ಟನ್ನೆಲ್ಲ ಒಂದೇ ಪುಟದಲ್ಲಿ ಹಿಡಿಸಬೇಕು. ಅದಕ್ಕೊಂದು ನಿಯಮವಿದೆ. ಗಂಡುಮಕ್ಕಳಿಗೆಲ್ಲ ಹೆಸರು, ಆರು ತಿಂಗಳಿಗೆ ಸತ್ತ ಕೂಸಿಗೂ. ಹೆಣ್ಣುಮಕ್ಕಳು ಆಸ್ತಿಯನ್ನೋ ಪದವಿಯನ್ನೋ ತಂದಿದ್ದರೆ ಹೆಸರು. ಇಲ್ಲದಿದ್ದರೆ ಒಂದು ಸಾಲು: ‘ಮತ್ತು ಮೂವರು ಹೆಣ್ಣುಮಕ್ಕಳು’. ಮೂರು ವರ್ಷದಿಂದ ನಾನು ಈ ಸಾಲನ್ನು ಟೈಪ್ ಮಾಡುತ್ತಿದ್ದೇನೆ. ಒಮ್ಮೆಯೂ ಯಾರಿವರು ಎಂದು ಯೋಚಿಸಿಲ್ಲ.

ನಾನು ಬಾಡಿಗೆಗಿರುವುದು ಅನ್ನಪೂರ್ಣೇಶ್ವರಿ ನಗರದಲ್ಲಿ, ಚಿಕ್ಕರಂಗಯ್ಯನವರ ಮನೆಯ ಮೂರನೇ ಮಹಡಿಯಲ್ಲಿ. ಈ ಬಡಾವಣೆ ರಾಗಿ ಹೊಲವಾಗಿದ್ದ ಕಾಲದ ಕುಟುಂಬ ಅವರದು. ಒಂದು ಶನಿವಾರ ಅವರು ನೀರಿನ ಟ್ಯಾಂಕ್ ನೋಡಲು ಮೇಲೆ ಬಂದವರು, ನನ್ನ ಬಾಗಿಲು ತೆರೆದಿದ್ದರಿಂದ ಒಳಗೆ ಇಣುಕಿದರು. ಚಾರ್ಟ್ ನೆಲದ ಮೇಲೆ ಹರಡಿತ್ತು.

“ಏನಮ್ಮ ಇದು, ಮೆಟ್ರೋ ಮ್ಯಾಪಾ?”

“ಇಂಗ್ಲೆಂಡಿನ ಒಂದು ದೊಡ್ಡ ಮನೆತನ ಅಂಕಲ್. ಐನೂರು ಆರ್ನೂರು ವರ್ಷದ ಹಿಂದಿನೋರು.”

ಅವರು ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು. ನಾನು ಅರ್ಲ್ ಕಥೆ ಹೇಳಿದೆ. ಮೊದಲು ಒಬ್ಬ ರಾಜನ ಕಡೆ ಇದ್ದ, ಆಮೇಲೆ ಇನ್ನೊಬ್ಬನ ಕಡೆ, ಆಮೇಲೆ ಮತ್ತೆ ಮೊದಲನೆಯವನ ಕಡೆ ಎಂದೆ.

“ಟಿಕೆಟ್ ಕೊಟ್ಟಿರಲ್ಲ ಕಣಮ್ಮ, ಪಾಪ. ನಮ್ ಚಿಕ್ಕಪ್ಪಂದೂ ಅದೇ ಕತೆ.”

ಹೀಗೆ ಶುರುವಾಯಿತು. ಅವರ ತಾತ ಊರಿಗೆ ಪಟೇಲರು. ಪಟೇಲಿಕೆ ಹೋದ ಮೇಲೆ ಚಿಕ್ಕಪ್ಪ ಮೂರು ಸಲ ಚುನಾವಣೆಗೆ ನಿಂತು, ಮೂರು ಬೇರೆ ಬೇರೆ ಪಕ್ಷದ ಕಡೆಯಿಂದ ಸೋತರು. ಚಿಕ್ಕರಂಗಯ್ಯನವರು ಒಮ್ಮೆ ನಿಂತು ಸೋತರು. “ಒಂದೇ ಒಂದ್ ಟರ್ಮು ಪಂಚಾಯ್ತಿ ಮೆಂಬರ್‌ಗಿರಿ ನಮ್ಮನೇಗೆ ಬಂದಿತ್ತು” ಎಂದರು. ನಾನು ಡೈರಿಯಲ್ಲಿ ಬರೆದುಕೊಂಡೆ: ಸ್ಪರ್ಧೆ ಐದು, ಸೋಲು ನಾಲ್ಕು, ಗೆಲುವು ಒಂದು. ಲೆಕ್ಕ ಸರಿಹೋಯಿತು. ಗೆದ್ದವರು ಯಾರು? ಕೇಳಲಿಲ್ಲ. ಲೆಕ್ಕ ಸರಿಹೋದರೆ ನಾನು ಮುಂದೆ ಕೇಳುವವಳಲ್ಲ.

“ನಮ್ದೂ ಇಂಥದ್ದೊಂದು ಮಾಡ್ಕೊಡಮ್ಮ. ಕೆಂಗೇರಿ ಹತ್ರ ಕಟ್ಟಿಸ್ತಿದೀನಲ್ಲ, ಆ ಹೊಸ ಮನೇಲಿ ಹಾಕೋಣ. ಬಾರ್ಡರ್ ಮಾತ್ರ ಗೋಲ್ಡ್ ಇರ್ಲಿ.”

ಮಾಡಿಕೊಟ್ಟೆ. ನಾಲ್ಕು ತಲೆಮಾರು, ಇಪ್ಪತ್ತಾರು ಹೆಸರು. ಎಲ್ಲರೂ ಗಂಡಸರು. ಮೇಲೆ ದಪ್ಪ ಅಕ್ಷರದಲ್ಲಿ ‘ಪಟೇಲರು ಹಾಗೂ ಪಂಚಾಯಿತಿ ಸದಸ್ಯರ ಮನೆತನ’. ಚಿಕ್ಕರಂಗಯ್ಯ ಮತ್ತವರ ಇಬ್ಬರು ತಮ್ಮಂದಿರ ಹೆಸರಿನ ಪಕ್ಕದಲ್ಲಿ, ಅಭ್ಯಾಸಬಲದಿಂದ, ‘ಮತ್ತು ಇಬ್ಬರು ಹೆಣ್ಣುಮಕ್ಕಳು’. ಕರಡು ತೋರಿಸಿದಾಗ ಅವರು ತಮ್ಮ ಹೆಸರು ಓದಿದರು, ಅಪ್ಪನ ಹೆಸರು ಓದಿದರು, ಸೂಪರ್ ಎಂದರು. (ಗ್ರೂಪ್ ಫೋಟೋದಲ್ಲಿ ನಾವೆಲ್ಲ ನೋಡುವುದೂ ಹಾಗೆಯೇ ಅಲ್ಲವೆ?)

ಈಗ ಭಾನುವಾರಕ್ಕೆ ಬನ್ನಿ.

ಎದ್ದು ಹೋದವರು ಹೊನ್ನಮ್ಮ. ಚಿಕ್ಕರಂಗಯ್ಯನವರ ಅಕ್ಕ. ನಾನು ಅವರನ್ನು ನೋಡಿದ್ದು ಅದೇ ಮೊದಲು. ಹೊರಗೆ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಗೋವಿಂದರಾಜನಗರಕ್ಕೆ ಆಟೋ ಬುಕ್ ಮಾಡಿಕೊಡಿ ಎಂದು ಯಾರಿಗೋ ಫೋನ್ ಚಾಚಿದ್ದರು. ಚಿಕ್ಕರಂಗಯ್ಯ ಹಿಂದೆಯೇ ಓಡಿದರು.

“ಅಕ್ಕ, ನಾನಲ್ಲ ಕಣಕ್ಕ, ಈ ಹುಡುಗಿ ಬರ್ದಿದ್ದು!”

ಹೊನ್ನಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನೀನೂ ಹೆಣ್ಣೇ ಅಲ್ವೇನೇ?”

ನಾನು ತಡವರಿಸಿದೆ. “ಅದು ಆಂಟಿ... ನಮ್ ಆಫೀಸ್ ರೂಲು. ಪೇಜ್ ಸಾಲಲ್ಲ ಅಂತ...”

“ಪೇಜ್ ಸಾಲ್ದಿದ್ರೆ ಗಂಡಸ್ರನ್ನ ಕಮ್ಮಿ ಮಾಡು.”

ಪಕ್ಕದಲ್ಲಿ ಯಾರೋ ನಕ್ಕರು. ಹೊನ್ನಮ್ಮ ನಗಲಿಲ್ಲ. “ಇಬ್ಬರು ಹೆಣ್ಣುಮಕ್ಕಳಂತೆ. ಒಬ್ಬಳು ನಾನು, ಬಂದು ಕೇಳ್ತಿದೀನಿ. ಇನ್ನೊಬ್ಬಳು ಕೆಂಪಮ್ಮ. ಸತ್ತು ಒಂಬತ್ತು ವರ್ಷ ಆಯ್ತು, ಅವಳು ಬಂದು ಕೇಳ್ತಾಳಾ? ಅದ್ಸರಿ, ಮೇಲ್ಗಡೆ ಮೆಂಬರ್ ಮನೆತನ ಅಂತ ಬರ್ದಿದೀಯಲ್ಲ, ಯಾರೇ ಮೆಂಬರ್ರು?”

ನಾನು ಚಿಕ್ಕರಂಗಯ್ಯನವರ ಮುಖ ನೋಡಿದೆ. ಅವರು ನೆಲ ನೋಡಿದರು.

ಗೆದ್ದದ್ದು ಹೊನ್ನಮ್ಮ. ಅವರನ್ನು ಅದೇ ಊರಿನ ಸೋದರಮಾವನಿಗೇ ಕೊಟ್ಟಿದ್ದರಿಂದ ಮದುವೆಯಾದ ಮೇಲೂ ಊರಲ್ಲೇ ಉಳಿದಿದ್ದರು. ಸೀಟು ಮಹಿಳೆಯರಿಗೆ ಮೀಸಲಾದಾಗ ಮನೆಯವರೇ ನಿಲ್ಲಿಸಿದರು. ಅವರು ಮನೆಮನೆ ತಿರುಗಿದರು, ಗೆದ್ದರು, ಊರಿಗೆ ಎರಡು ಬೋರ್‌ವೆಲ್ ತಂದರು.

“ಪೋಸ್ಟರಲ್ಲಿ ನನ್ ಫೋಟೋನೇ ಇರ್ಲಿಲ್ಲ ಕಣೇ. ಇವನ ಫೋಟೋ, ಕೂಲಿಂಗ್ ಗ್ಲಾಸ್ ಹಾಕ್ಕೊಂಡು. ಕೆಳಗೆ ಸಣ್ಣಕ್ಕೆ ‘ಚಿಕ್ಕರಂಗಯ್ಯನವರ ಸಹೋದರಿ’ ಅಂತ. ಆಗ ಸುಮ್ನಿದ್ದೆ. ತಮ್ಮ, ಹುಡುಗಾಟ, ಹೋಗ್ಲಿ ಅಂತ. ಈಗ ಗೋಡೆ ಮೇಲೂ ಇಲ್ಲ ಅಂದ್ರೆ ನಾನು ಈ ಮನೇಗೆ ಏನಾಗ್ಬೇಕೋ ರಂಗ? ಅದನ್ನ ಹೇಳ್ಬಿಡು, ಹೋಗ್ತೀನಿ.”

ಆಟೋ ಬಂದು ನಿಂತಿತು.

ಚಿಕ್ಕರಂಗಯ್ಯ ಸರಸರ ಒಳಗೆ ಹೋದರು. ನಾನು, ಆಯ್ತು, ಇವರೂ ಸಿಟ್ಟು ಮಾಡಿಕೊಂಡರು ಅಂದುಕೊಂಡೆ. ಅವರು ಹೊಸ ಪಂಚೆಯಲ್ಲೇ ಸ್ಟೂಲ್ ಹತ್ತಿ, ಗೋಲ್ಡ್ ಬಾರ್ಡರಿನ ಫ್ರೇಮನ್ನು ಗೋಡೆಯಿಂದ ಇಳಿಸಿ, ಮೂಲೆಗೆ ತಿರುಗಿಸಿ ಇಟ್ಟರು. ಮತ್ತೆ ಸ್ಟೂಲ್ ಹತ್ತಿ ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು: “ನೋಡ್ರಪ್ಪ, ನಮ್ಮನೇಲಿ ಮೆಂಬರ್ ಆಗಿದ್ದು ನಮ್ಮಕ್ಕ. ನಾನು ಸೋತೋನು. ಗೊತ್ತಿರ್ಲಿ.”

ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅವರ ಬಾಯಲ್ಲಿ ಯಾರೂ ಕೇಳಿರಲಿಲ್ಲ.

ಆಮೇಲೆ ತಾವೇ ಒಂದು ಎಲೆ ಹಾಕಿ, ನೀರು ಚಿಮುಕಿಸಿ, ಬಾಗಿಲಿಗೆ ಬಂದರು. “ಬಾರಕ್ಕ. ಪಾಯಸ ಆರೋಗತ್ತೆ.”

ಹೊನ್ನಮ್ಮ ಆಟೋದವನಿಗೆ, “ನೀನೂ ಬಾರಪ್ಪ, ಊಟ ಮಾಡ್ಕೊಂಡು ಹೋಗು” ಎಂದು ಒಳಗೆ ನಡೆದರು. ಹೊಸ್ತಿಲಲ್ಲಿ ನಿಂತು ನನ್ನ ಕಡೆ ತಿರುಗಿದರು. “ಬುಧವಾರ ನಮ್ಮನೇಗೆ ಬಾ. ಪೆನ್ನು ತಗೊಂಡ್ ಬಾ.”

ಮೊನ್ನೆ ಬುಧವಾರ, ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಚಿಕ್ಕರಂಗಯ್ಯನವರೂ ಬಂದಿದ್ದರು. ಯಾರೂ ಕರೆದಿರಲಿಲ್ಲವಂತೆ. ಹೊನ್ನಮ್ಮ ಅವರೆಕಾಳು ಬಿಡಿಸುತ್ತಾ ಮನೆಯ ಹೆಣ್ಣುಮಕ್ಕಳ ಹೆಸರು ಹೇಳುತ್ತಾ ಹೋದರು, ಚಿಕ್ಕರಂಗಯ್ಯ ಸಿಪ್ಪೆ ಒಟ್ಟು ಮಾಡುತ್ತಾ ಕೂತರು.

ನನ್ನ ಇಂಗ್ಲಿಷ್ ಮನೆತನದ ಬಗ್ಗೆಯೂ ಹೊನ್ನಮ್ಮ ಕೇಳಿದರು. ಆ ಮನೆತನಕ್ಕೆ ಈಗಿನ ಹೆಸರು ಬಂದದ್ದೇ ಒಬ್ಬ ಹೆಣ್ಣಿನಿಂದ, ಅಣ್ಣನಿಗೆ ಮಕ್ಕಳಿರಲಿಲ್ಲ, ಅವಳ ಮಗ ತಾಯಿ ಮನೆಯ ಹೆಸರನ್ನೇ ಇಟ್ಟುಕೊಂಡ ಎಂದೆ.

“ಅವಳ ಹೆಸರು ಹಾಕಿದೀಯಾ?”

“ಹಾಕಿದೀನಿ ಆಂಟಿ. ಅವಳಿಂದ ಆಸ್ತಿ ಬಂತಲ್ಲ.”

“ಓಹೋ. ತಂದೋಳಿಗೆ ಹೆಸರು, ಬರಿಗೈಲಿ ಹೋದೋಳಿಗೆ ನಂಬರ್ರು.”

ಹೆಸರುಗಳು ಬರುತ್ತಲೇ ಇದ್ದವು. ಹುಚ್ಚಮ್ಮ, ನಿಂಗಮ್ಮ, ದೊಡ್ಡತಾಯಮ್ಮ. ಹೆರಿಗೆಯಲ್ಲಿ ಹೋದ ಒಬ್ಬಳು, ಮಾಗಡಿ ಕಡೆ ಕೊಟ್ಟ ಇಬ್ಬರು, ಹೆಸರಿಡುವ ಮುಂಚೆಯೇ ಸತ್ತು ‘ಪಾಪು’ ಆಗಿಯೇ ಉಳಿದ ಒಬ್ಬಳು. ಎರಡು ಗಂಟೆಯಲ್ಲಿ ಇಪ್ಪತ್ತಮೂರು. ತಮ್ಮ ಅಜ್ಜಿಯ ಹೆಸರು ನಿಂಗಮ್ಮ ಎಂದು ಚಿಕ್ಕರಂಗಯ್ಯನವರಿಗೆ ಅರವತ್ತನಾಲ್ಕನೇ ವಯಸ್ಸಿನಲ್ಲಿ ತಿಳಿಯಿತು. “ಅಜ್ಜಿ ಅಂತಾನೇ ಕರೀತಿದ್ವಲ್ಲಕ್ಕ...” ಎಂದು ಸಿಪ್ಪೆಯ ಗುಡ್ಡೆ ನೋಡುತ್ತಾ ಕೂತರು.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಮೇಲಿನ ಖಾನೆ. ಪಟೇಲರ ತಾಯಿ. ಇಡೀ ಮನೆತನ ಹುಟ್ಟಿದ್ದು ಆಕೆಯಿಂದ. ಹೊನ್ನಮ್ಮನ ಕೈ ನಿಂತಿತು. ಕಣ್ಣು ಮುಚ್ಚಿ ಯೋಚಿಸಿದರು. ತುಟಿ ಅಲ್ಲಾಡಿತು, ಹೆಸರು ಬರಲಿಲ್ಲ.

ನಾನು ಪೆನ್ನು ಹಿಡಿದು ಮೆಲ್ಲಗೆ ಕೇಳಿದೆ. “‘ಹೆಸರು ಗೊತ್ತಿಲ್ಲ’ ಅಂತ ಹಾಕ್ಲಾ ಆಂಟಿ?”

“ಗೊತ್ತಿಲ್ಲ ಅಂತ ಬರೀಬೇಡ ಕಣೇ” ಎಂದರು ಹೊನ್ನಮ್ಮ. “ನಾವ್ಯಾರೂ ಕೇಳ್ಲಿಲ್ಲ ಅಂತ ಬರಿ.”