ಅರ್ಧ ಮೈಸೂರ್‌ಪಾಕ್

“ಅದನ್ನ ಇಡ್ಬೇಡಿ ಅಕ್ಕ. ಅವ್ರಿಗೆ ಶುಗರ್ ಐತೆ.”

ಹೇಳಿದವರು ನಮ್ಮ ಚಿಕ್ಕಮ್ಮ ಸರೋಜಮ್ಮ. ಜಾಗ, ಗುಬ್ಬಿ ಹತ್ತಿರದ ಅವರ ತೆಂಗಿನ ತೋಟ. ಶುಗರ್ ಇದ್ದದ್ದು ನಮ್ಮ ಚಿಕ್ಕಪ್ಪನಿಗೆ. ಚಿಕ್ಕಪ್ಪ ಆಗ ಎಲ್ಲಿದ್ದರು ಅಂತ ಕೇಳ್ತೀರಾ? ಅದೇ ತೋಟದ ಮೂಲೆಯಲ್ಲಿ, ಹಸಿ ಮಣ್ಣಿನ ಗುಡ್ಡೆಯ ಕೆಳಗೆ. ಅವರನ್ನು ಮಣ್ಣು ಮಾಡಿ ಅಂದಿಗೆ ಮೂರನೇ ದಿನ.

ನಮ್ಮ ಕಡೆ ಮೂರನೇ ದಿನ ಸಮಾಧಿಗೆ ಹಾಲು ತುಪ್ಪ ಬಿಡುತ್ತಾರೆ. ಹೋದವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಬಾಳೆ ಎಲೆಯ ಮೇಲೆ ಎಡೆ ಇಡುತ್ತಾರೆ. (ಎಲ್ಲ ಅಂದರೆ ಎಲ್ಲ. ಬೀಡಿ, ಬ್ರಾಂದಿ ಇಟ್ಟಿದ್ದನ್ನೂ ನೋಡಿದ್ದೇನೆ. ಬದುಕಿದ್ದಾಗ ಬೈದು ಬೈದು ಬಿಡಿಸಿದವರೇ ಅವತ್ತು ಪ್ಯಾಕೆಟ್ ಒಡೆದು ಇಡುತ್ತಾರೆ.) ಚಿಕ್ಕಪ್ಪನ ಎಲೆಯ ಮೇಲೆ ಮುದ್ದೆ ಇತ್ತು, ಅವರೆಕಾಳು ಸಾರಿತ್ತು, ತಟ್ಟೆ ಇಡ್ಲಿ ಇತ್ತು, ಪಕ್ಕದಲ್ಲಿ ಲೋಟದ ತುಂಬ ಸಕ್ಕರೆ ಇಲ್ಲದ ಕಾಫಿ ಇತ್ತು. ಅಷ್ಟರಲ್ಲಿ ಚಿಕ್ಕಪ್ಪನ ಅಕ್ಕ ನಂಜಮ್ಮ ಮುಂದೆ ಬಂದು, ತುಮಕೂರಿನಿಂದ ತಂದಿದ್ದ ಮೈಸೂರ್‌ಪಾಕಿನ ಬಾಕ್ಸ್ ಬಿಚ್ಚಿದರು. ಆಗಲೇ ಚಿಕ್ಕಮ್ಮ ಆ ಮಾತು ಹೇಳಿದ್ದು.

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ? ಆದರೆ ಚಿಕ್ಕಮ್ಮನ ಮುಖ ನೋಡಿದ ಮೇಲೆ ತಲೆ ತಗ್ಗಿಸಿದೆ.

ನಮ್ಮ ಚಿಕ್ಕಪ್ಪ ಲೈನ್‌ಮನ್ ಆಗಿದ್ದವರು. ಮಳೆ ಗಾಳಿಯಲ್ಲಿ ಕರೆಂಟ್ ಕಂಬ ಹತ್ತುವುದಕ್ಕೆ ಹೆದರದ ಮನುಷ್ಯ, ಬೆರಳಿಗೆ ಚುಚ್ಚಿ ಶುಗರ್ ನೋಡುವ ಮೆಷಿನ್ ಕಂಡರೆ ಹಿತ್ತಲ ಬಾಗಿಲಿಂದ ಓಡುತ್ತಿದ್ದರು. ಚಿಕ್ಕಪ್ಪ ಹೋಗಿಬಂದ ಬಚ್ಚಲಿಗೆ ಇರುವೆ ಮುತ್ತಿದ್ದನ್ನು ಕಂಡು ಕಾಯಿಲೆ ಹಿಡಿದುಕೊಟ್ಟವರು ಚಿಕ್ಕಮ್ಮನೇ. ಅಂದಿನಿಂದ ಆ ಮನೆಯಲ್ಲಿ ಬೆಲ್ಲ ರಾಗಿ ಡ್ರಮ್ಮಿನ ತಳ ಸೇರಿತು. ಮದುವೆ ಮನೆಗಳಲ್ಲಿ ಚಿಕ್ಕಮ್ಮ ಪಕ್ಕದಲ್ಲೇ ಕೂತು ಗಂಡನ ಎಲೆ ಕಾಯುತ್ತಿದ್ದರು. ಹೋಳಿಗೆ ಬಡಿಸುವವನು ಅವರ ಮುಖ ನೋಡಿಯೇ ಮುಂದಿನ ಎಲೆಗೆ ಹೋಗುತ್ತಿದ್ದ. ನಾವೆಲ್ಲ ಅವರನ್ನು “ಡಾಕ್ಟ್ರಮ್ಮ” ಅಂತ ಗೇಲಿ ಮಾಡಿದ್ದೇ ಮಾಡಿದ್ದು.

ನಂಜಮ್ಮನಿಗೆ ಅದು ಗೇಲಿಯ ವಿಷಯವಾಗಿರಲಿಲ್ಲ.

“ಇರೋ ಗಂಟ ನನ್ ತಮ್ಮನ ಬಾಯಿ ಕಟ್ಟಿದ್ದು ಸಾಲ್ದಾ ಸರೋಜ? ಈಗ್ಲಾದ್ರೂ ತಿನ್ಲಿ ಬುಡು. ಆಸೆ ಇಟ್ಕಂಡ್ ಹೋದ ಜೀವ ಎಲ್ಲೂ ಹೋಗಕ್ಕಾಗಲ್ಲ ಕಣವ್ವ. ಇಲ್ಲೇ ಸುತ್ತುತ್ತೆ. ಆ ಪಾಪ ಯಾರಿಗೆ ಬರುತ್ತೆ?”

ನಂಜಮ್ಮ ಕೆಟ್ಟವರಲ್ಲ. ತಮ್ಮನನ್ನು ಎತ್ತಿ ಆಡಿಸಿದವರು, ಮೂರು ದಿನದಿಂದ ಸರಿಯಾಗಿ ಒಂದು ತುತ್ತು ತಿಂದಿರಲಿಲ್ಲ. ಅವರು ನಂಬಿದ್ದನ್ನು ಅವರು ಹೇಳಿದರು. ಚಿಕ್ಕಮ್ಮ ಸಮಾಧಿಯ ಪಕ್ಕ ಕೂತು ಅತ್ತುಬಿಟ್ಟರು. ಗಂಡನನ್ನು ಉಳಿಸಿಕೊಳ್ಳಲು ಮಾಡಿದ್ದೇ ಅವನ ದಾರಿಗೆ ಅಡ್ಡ ಬಂತು ಅಂದರೆ ಯಾವ ಹೆಂಗಸು ತಾನೆ ತಡೆದುಕೊಳ್ಳುತ್ತಾಳೆ?

ಆಗ ಕುಣಿಗಲ್ಲಿನ ಬೀಗಿತ್ತಿ ಗೌರಮ್ಮ ಬಂದು ಅವರ ಭುಜ ಹಿಡಿದುಕೊಂಡರು. ಚಿಕ್ಕಮ್ಮನ ಮಗಳು ರೇಖಾ ಪ್ರೀತಿಸಿ ಮದುವೆಯಾದದ್ದು ಗೌರಮ್ಮನ ಮಗನನ್ನು. ಅವರು ಲಿಂಗಾಯತರು. (ಆ ಮದುವೆಯ ಗಲಾಟೆಯೇ ಬೇರೆ ಅಂಕಣಕ್ಕಾಗುತ್ತದೆ, ಇವತ್ತು ಬೇಡ.)

“ನಮ್ಮಲ್ಲಿ ಹೋದೋರು ಶಿವನಲ್ಲಿ ಐಕ್ಯ ಆದ್ರು ಅಂತೀವಿ ಸರೋಜಮ್ಮ. ನೀರಲ್ಲಿ ನೀರು ಸೇರ್ದಂಗೆ. ಅಲ್ಲಿ ಹಸಿವೂ ಇಲ್ಲ, ಆಸೆನೂ ಇಲ್ಲ. ಬೀಗ್ರು ಎಲ್ಲೂ ಸುತ್ತಲ್ಲ. ನೀವು ನೊಂದ್ಕೋಬೇಡಿ.”

ಸ್ವಲ್ಪ ದೂರದಲ್ಲಿ ಟೋಪಿ ಹಾಕಿಕೊಂಡು ಬಷೀರಣ್ಣ ನಿಂತಿದ್ದರು. ಗುಬ್ಬಿಯಲ್ಲಿ ಹಾಸಿಗೆ ಅಂಗಡಿ ಇಟ್ಟಿರುವವರು, ಚಿಕ್ಕಪ್ಪನ ಜೀವದ ಗೆಳೆಯ. ಸಾಯಂಕಾಲದ ಟೀಗೆ ಇಬ್ಬರೂ ಒಟ್ಟಿಗೇ. ಅವರು ಮೆಲ್ಲಗೆ ಹತ್ತಿರ ಬಂದರು.

“ನಮ್ಮಲ್ಲಿ ಸಮಾಧಿಗೆ ಊಟ ಇಡಲ್ಲ ಅಕ್ಕ. ಹೋದವರು ಖಯಾಮತ್ ದಿನದವರೆಗೂ ಕಾಯ್ತಿರ್ತಾರೆ. ಅವರ ಹೆಸರಲ್ಲಿ ಯಾರಿಗಾದ್ರೂ ತಿನ್ನಕ್ಕೆ ಕೊಟ್ರೆ ಅದರ ಪುಣ್ಯ ಅವರಿಗೆ ತಲುಪ್ತದೆ ಅಂತ ನಮ್ಮ ನಂಬಿಕೆ. ನೀವು ಅಷ್ಟು ವರ್ಷ ನೋಡ್ಕೊಂಡ್ರಲ್ಲ, ಅದೂ ಪುಣ್ಯಾನೇ.”

ಗಮನಿಸಿದಿರಾ? ಒಬ್ಬರೇ ಚಿಕ್ಕಪ್ಪ, ಮೂರು ವಿಳಾಸ. ಒಬ್ಬರ ಪ್ರಕಾರ ಇಲ್ಲೇ ತೋಟದಲ್ಲಿ ಸುತ್ತುತ್ತಿದ್ದಾರೆ. ಇನ್ನೊಬ್ಬರ ಪ್ರಕಾರ ಶಿವನಲ್ಲಿ ಸೇರಿಹೋಗಿದ್ದಾರೆ. ಮತ್ತೊಬ್ಬರ ಪ್ರಕಾರ ಕೊನೆಯ ದಿನಕ್ಕೆ ಕಾಯುತ್ತಿದ್ದಾರೆ. ಟೀವಿಯಲ್ಲಾಗಿದ್ದರೆ ಇಷ್ಟರಲ್ಲಿ ನಾಲ್ಕು ಜನ ಕೂತು ಕಿರುಚಾಡುತ್ತಿದ್ದರು. ಇಲ್ಲಿ ಯಾರೂ ಇನ್ನೊಬ್ಬರಿಗೆ ನಿಮ್ಮದು ತಪ್ಪು ಅನ್ನಲಿಲ್ಲ. ಅಳುತ್ತಿರುವ ಹೆಂಗಸಿಗೆ ಸಮಾಧಾನವಾಗಲಿ ಅಂತ ತಮ್ಮ ತಮ್ಮ ಮನೆಯಲ್ಲಿದ್ದದ್ದನ್ನು ತಂದುಕೊಟ್ಟರು, ಅಷ್ಟೆ. ನಿಜ ಹೇಳುತ್ತೇನೆ, ನನಗೆ ಅವರೆಲ್ಲರ ಮೇಲೂ ಹೊಟ್ಟೆಕಿಚ್ಚಾಯಿತು. ಕೊಡಲು ನನ್ನ ಹತ್ತಿರ ಏನಿತ್ತು? ಶೆಟ್ಟಿಹಳ್ಳಿಯ ನನ್ನ ಮನೆಯಲ್ಲಿ ಕೂತು ಫ್ಯಾಮಿಲಿ ಗ್ರೂಪಿಗೆ ಕಳಿಸಿದ ‘ಓಂ ಶಾಂತಿ’, ಜೊತೆಗೆ ಎರಡು ಕೈಮುಗಿದ ಚಿತ್ರ.

ಚಿಕ್ಕಮ್ಮ ಎಲ್ಲರ ಮಾತನ್ನೂ ಕೇಳಿಸಿಕೊಂಡರು. ಆಮೇಲೆ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ತೋಟದ ಅಂಚಿಗೇ ಇರುವ ಮನೆಯ ಕಡೆ ನಡೆದುಬಿಟ್ಟರು. ನಂಜಮ್ಮನ ಮಾತಿಗೆ ನೊಂದು ಹೋದರು ಅಂದುಕೊಂಡೆವು. ರೇಖಾ ಹಿಂದೆಯೇ ಓಡಿದಳು.

ಸ್ವಲ್ಪ ಹೊತ್ತಿಗೆ ಇಬ್ಬರೂ ವಾಪಸ್ ಬಂದರು. ಚಿಕ್ಕಮ್ಮನ ಕೈಯಲ್ಲಿ ಒಂದು ಪುಟ್ಟ ಸ್ಟೀಲ್ ಡಬ್ಬಿ. ಫ್ರಿಜ್ಜಿನಿಂದ ತಂದದ್ದು, ಮೇಲೆಲ್ಲ ಬೆವರಿತ್ತು. ಮುಚ್ಚಳ ತೆಗೆದರೆ ಒಳಗೆ ಒಂದೇ ಒಂದು ಮೈಸೂರ್‌ಪಾಕ್.

“ಹೋದ ಭಾನುವಾರ ಗೌರಮ್ಮೋರ ಮನೆ ಗೃಹಪ್ರವೇಶದಲ್ಲಿ ಬಡಿಸಿದ್ದು ಇದು,” ಅಂದರು. “ಇನ್ನೇನ್ ಬಾಯಿಗ್ ಹಾಕ್ಕೊಬೇಕು, ನಾನು ಎಲೆಯಿಂದ ಎತ್ಕೊಂಡ್ಬಿಟ್ಟೆ. ಕುಣಿಗಲ್ಲಿಂದ ಗುಬ್ಬಿಗಂಟ ಬಸ್ಸಲ್ಲಿ ನನ್ ಜೊತೆ ಮಾತಾಡ್ಲಿಲ್ಲ. ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತಿದ್ರು. ಮನೆಗ್ ಬಂದು ನಾನೇ ಹೇಳ್ದೆ, ಬುಧವಾರ ಟೆಸ್ಟ್ ಮಾಡಿಸ್ಕೊಂಡು ಬರಾಣ, ಶುಗರ್ ಇಳಿದಿದ್ರೆ ಅರ್ಧ ಕೊಡ್ತೀನಿ ಅಂತ. ಆಮೇಲೆ ನಕ್ಕರು. ಎತ್ತಿಟ್ಟಿರು ಸರೋಜ, ಅಂದ್ರು.”

ಮಂಗಳವಾರ ಮಧ್ಯಾಹ್ನ ಊಟ ಮಾಡಿ ಮಲಗಿದ ಚಿಕ್ಕಪ್ಪ ಏಳಲಿಲ್ಲ. ಡಬ್ಬಿ ಫ್ರಿಜ್ಜಿನಲ್ಲೇ ಉಳಿದಿತ್ತು.

ಚಿಕ್ಕಮ್ಮ ಸಮಾಧಿಯ ಮುಂದೆ ಕೂತು ಅದನ್ನು ಸರಿಯಾಗಿ ಎರಡು ಭಾಗ ಮುರಿದರು. ಅರ್ಧವನ್ನು ಮೊದಲು ಬಷೀರಣ್ಣನ ಕಡೆ ಚಾಚಿದರು.

“ಇದಿನ್ನೂ ಎಡೆಗೆ ಇಟ್ಟಿಲ್ಲ ಬಷೀರಣ್ಣ. ಅವ್ರ ಹೆಸ್ರಲ್ಲಿ ನೀವ್ ತಿನ್ನಿ.” ಕೊಡುವ ಕೈ ಅರ್ಧದಲ್ಲೇ ನಿಂತಿತು. “ನಿಮ್ಗೆ ಶುಗರ್ ಇಲ್ಲ ತಾನೇ?”

“ಇಲ್ಲ ಅಕ್ಕ, ನಿಮ್ಮಾಣೆ ಇಲ್ಲ,” ಅಂದ ಬಷೀರಣ್ಣ ಅದನ್ನು ಬಾಯಿಗೆ ಹಾಕಿಕೊಂಡರು. ಅಗಿಯಲಾಗದೆ ಅಳತೊಡಗಿದರು. ಅವರು ಎಡೆಯನ್ನು ತಿನ್ನುವುದಿಲ್ಲ ಅನ್ನುವುದು ಆ ದುಃಖದಲ್ಲೂ ಚಿಕ್ಕಮ್ಮನಿಗೆ ನೆನಪಿತ್ತಲ್ಲ, ಅದಕ್ಕೆ ನಾನು ಅಲ್ಲೇ ಕೈಮುಗಿದೆ. ಈ ಸಲ ಫೋನಿನಲ್ಲಿ ಅಲ್ಲ.

ಹೋದವರಿಗೆ ಹಸಿವೇ ಇಲ್ಲ ಅಂದಿದ್ದ ಗೌರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಎಲೆಗೆ ಇರುವೆ ಬಾರದಂತೆ ಸುತ್ತಲೂ ನೀರು ಬಿಟ್ಟರು. ನಂಜಮ್ಮ ತಮ್ಮ ಬಾಕ್ಸ್ ಮುಚ್ಚಿ ಪಕ್ಕಕ್ಕಿಟ್ಟು, ಚಿಕ್ಕಮ್ಮನ ಪಕ್ಕದಲ್ಲೇ ಕೂತರು.

“ಇಡು ಸರೋಜ. ನೀನೇ ಇಡು. ನಿನ್ ಕೈಯಿಂದ್ಲೇ ತಿನ್ಬೇಕು ಅಂತ ಇದ್ದ ಅವ್ನು.”

ಚಿಕ್ಕಮ್ಮ ಉಳಿದ ಅರ್ಧವನ್ನು ಎಲೆಯ ಮೇಲೆ ಇಟ್ಟರು. ನಂಜಮ್ಮ ಬಾಕ್ಸಿನ ಕಡೆ ಒಮ್ಮೆ ನೋಡಿ, ಇನ್ನೊಂದು ಚೂರು ಇಡಲೇನೆ ಅಂತ ಮೆತ್ತಗೆ ಕೇಳಿದರು. ಚಿಕ್ಕಮ್ಮ ತಲೆ ಅಲ್ಲಾಡಿಸಿದರು.

“ಬೇಡ ಅಕ್ಕ. ಟೆಸ್ಟ್ ಮಾಡ್ಸಿಲ್ಲ.”

ಸಾವಿನ ಆಚೆಗೆ ಏನಿದೆಯೋ ನನಗಂತೂ ಗೊತ್ತಿಲ್ಲ, ಆದರೆ ನಮ್ಮ ಚಿಕ್ಕಪ್ಪನಿಗೆ ಅಲ್ಲೂ ಅರ್ಧವೇ.