ಹೆಚ್ಚಾದ ಗಂಜಿ

ಇಳಕಲ್ಲಿನ ಬಸ್‌ಸ್ಟ್ಯಾಂಡಿಗೆ ನನ್ನ ಮನೆಯಿಂದ ಎರಡು ದಾರಿ. ಮಗ್ಗದ ಓಣಿಯ ದಾರಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಇವತ್ತು ಬಾಗಲಕೋಟೆಯ ಬಸ್ಸು ತಪ್ಪೀತೆಂದು ಆ ಅಡ್ಡಹಾದಿಯನ್ನೇ ಹಿಡಿದೆ. ನೂಲಿಗೆ ಹಚ್ಚುವ ಗಂಜಿಯ ಹುಳಿವಾಸನೆ ಮೂಗಿಗೆ ಬಡಿಯಿತು. ಕಾಲು ನಿಂತವು.

ನನ್ನ ಹೆಂಡತಿ ಕಸ್ತೂರಿ ನೇಕಾರರ ಮಗಳು. ನಾನು ಜೀವಶಾಸ್ತ್ರದ ಮೇಷ್ಟ್ರು, ಅಂದರೆ ಮನೆಯಲ್ಲಿ ಯಾವ ಕೆಲಸಕ್ಕೂ ಬಾರದವನು. ನಮ್ಮೂರಿನ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಬೇರೆ, ಸೆರಗಿನದು ಬೇರೆ, ನೀವೂ ನೋಡಿರಬಹುದು. ಕುಣಿಕೆಯೊಳಗೆ ಕುಣಿಕೆ ಹಾಕಿ ಎಳೆಎಳೆಯಾಗಿ ಎರಡನ್ನೂ ಕೂಡಿಸಬೇಕು. ಒಮ್ಮೆ ಅವಳು ಊಟಕ್ಕೆದ್ದಾಗ, ಕೂಡಿಸಿದ ಜಾಗ ಇನ್ನಷ್ಟು ಗಟ್ಟಿಯಾಗಲೆಂದು ನಾನು ಧಾರಾಳವಾಗಿ ಗಂಜಿ ಬಳಿದೆ. ಅದು ಒಣಗಿ ಹಪ್ಪಳವಾಯಿತು. ಮಗ್ಗದ ಹಣಿಗೆಯ ಸಣ್ಣ ಹಲ್ಲುಗಳಿಗೆ ಸಿಕ್ಕಿ ಎಳೆಗಳು ಹರಿದವು.

"ಕೂಡಿದ್ರ ಸಾಕಿತ್ರಿ. ಮುಂದ ಅದು ಬಾಗಬೇಕಲ್ಲ," ಎಂದಳು. ಬಯ್ಯದೆ ಮತ್ತೆ ಮೊದಲಿನಿಂದ ಕೂತಳು.

ಅವಳು ತೀರಿಕೊಂಡ ವರ್ಷವೇ ನನ್ನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಈಗ ಮತ್ತೆ ಎದೆ ಹಿಡಿಯುತ್ತದೆ. ಹೋದ ವಾರ ಬಾಗಲಕೋಟೆಯ ಡಾಕ್ಟರು ತಿಳಿಸಿ ಹೇಳಿದರು: "ಸ್ಟೆಂಟ್ ಹಾಕುವಾಗ ನಾಳದ ಒಳಗೋಡಿಗೆ ಗಾಯ ಆಗ್ತೈತ್ರಿ ಸರ. ಅಲ್ಲಿನ ಸ್ನಾಯುಕೋಶ ಬೆಳದು, ಕೊಲಾಜೆನ್ ಅನ್ನೋ ನಾರು ತಯಾರ ಮಾಡಿ ಗಾಯ ಮುಚ್ಚತಾವು. ನಿಮಗ ಮುಚ್ಚಿದ್ದು ಜಾಸ್ತಿ ಆಗೇತಿ, ದಾರಿ ಮತ್ತ ಸಣ್ಣ ಆಗೇತಿ. ಬಲೂನ್ ಹಾಕಿ ಬಿಡಸೂಣು. ಜೋಡಿ ಯಾರರೆ ಬರಬೇಕ್ರಿ."

"ಬರ್ತಾರ್ರಿ," ಎಂದೆ. ಇವತ್ತಿಗೆ ದಿನ ಗೊತ್ತಾಯಿತು. ಯಾರೂ ಇರಲಿಲ್ಲ, ನಮಗೆ ಮಕ್ಕಳಿಲ್ಲ. ಗಾಯ ತಾನೇ ಮಾಯುತ್ತದೆ ಎಂದು ಸರ್ವೀಸು ಪೂರ್ತಿ ಪಾಠ ಹೇಳಿದವನು ನಾನು. ಮಾಯುವುದು ಎಲ್ಲಿ ನಿಲ್ಲಬೇಕೆಂದು ಯಾವ ಹುಡುಗನೂ ಕೇಳಲಿಲ್ಲ, ಪುಣ್ಯ.

ಕಸ್ತೂರಿ ಹೋದ ಮೇಲೆ ಗೆಳೆಯ ಬಸಪ್ಪ ದಿನಾ ಸಂಜೆ ಬಂದು "ಆರಾಮೇನಲೇ?" ಎಂದು ಕೇಳುತ್ತಿದ್ದ. ನಾನು ದಿನಾ "ಆರಾಮ ಅದೇನಿ" ಎನ್ನುತ್ತಿದ್ದೆ. ಬೇರೆ ಮಾತಾಡಿದರೆ ಅಳು ಬಂದೀತೆಂಬ ಹೆದರಿಕೆ. ಕಡೆಗೆ ಅವನು ಬರುವುದು ಬಿಟ್ಟ. ಸಂಜೆಗಳು ಭಾಳ ಉದ್ದವಾದವು.

ಅವನ ಮನೆ ಇದೇ ಓಣಿಯಲ್ಲಿದೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ತಲೆಯೆತ್ತಿ, ಉತ್ತರ ಗೊತ್ತಿದ್ದವನಂತೆ, "ಆರಾಮೇನಲೇ?" ಎಂದ.

ಕೈಚೀಲ ಕಟ್ಟೆಯ ಮೇಲಿಟ್ಟೆ.

"ಇಲ್ಲಲೇ," ಎಂದೆ. "ನಾ ಆರಾಮ ಇಲ್ಲ."

ಬಸಪ್ಪ ಎಲ್ಲಿಗೆ ಹೊರಟೆ ಎಂದೂ ಕೇಳಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು ಚಪ್ಪಲಿ ಹುಡುಕತೊಡಗಿದ.