ಭೂತದ ಕಿವಿಯಲ್ಲಿ ಹೇಳಿದ ಮಾತು

ಚೌಕಟ್ಟು ಹಾಕುವವನಿಗೆ ಚಿತ್ರದೊಳಗೆ ಏನಿದೆ ಎಂಬ ಉಸಾಬರಿ ಇರಬಾರದು. ಅಂಚು ನೇರವಾಗಿದೆಯೇ, ಗಾಜಿನ ಒಳಬದಿಗೆ ಬೆರಳಿನ ಗುರುತು ಬಿದ್ದಿದೆಯೇ, ಅಷ್ಟೇ ಅವನ ಲೋಕ. ಬೀಗದಂಗಡಿಗೂ ಔಷಧಿಯಂಗಡಿಗೂ ನಡುವೆ ಉಸಿರು ಬಿಗಿಹಿಡಿದು ನಿಂತಂತಿದ್ದ ಅಂಗಡಿಯಲ್ಲಿ ನಮ್ಮ ಚೌಕಟ್ಟಿನವನು ಈ ಶಿಸ್ತನ್ನು ಚಾಚೂ ತಪ್ಪದೆ ಪಾಲಿಸಿದ್ದ. ಯಾರದೋ ಕುಟುಂಬದ ಫೋಟೋದಲ್ಲಿ ಅಂಚಿಗೆ ನಿಂತಿದ್ದ ಸೋದರಮಾವನನ್ನು ಪೂರ್ತಿಯಾಗಿ ರಟ್ಟಿನಡಿ ಸೇರಿಸಿ ಬೈಸಿಕೊಂಡದ್ದೂ ಉಂಟು.

ಅಂಥವನ ಶಿಸ್ತು ಕೆಡಿಸಿದ್ದು ಒಂದು ಭೂತ.

ಅದರ ಪೋಸ್ಟರನ್ನು ಸುರುಳಿ ಸುತ್ತಿ ತಂದವನು ಒಬ್ಬ ಗಡ್ಡದವ. ಮುಚ್ಚಿಹೋದ ಮುದ್ರಣಾಲಯವೊಂದರಲ್ಲಿ ಭಾನುವಾರಗಳಂದು ಹಳೆಯ ಅಗ್ಗದ ದೆವ್ವದ ಸಿನಿಮಾಗಳನ್ನು ತೋರಿಸುವ ಸಂಘ ಅವನದು. ಮೇಜಿನ ಮೇಲೆ ಬಿಚ್ಚಿದರೆ, ಒದ್ದೆ ಕಂಬಳಿ ಹೊದ್ದ ಕರಡಿಯಂಥ ಬೂದಿ ಬಣ್ಣದ ಭೂತವೊಂದು ಹುಡುಗಿಯನ್ನು ಎತ್ತಿಕೊಂಡು ಮೆಟ್ಟಿಲಿಳಿಯುತ್ತಿತ್ತು.

"ಭಯ ಆಗತ್ತಾ ಇದನ್ನ ನೋಡಿದ್ರೆ?" ಎಂದ ಚೌಕಟ್ಟಿನವನು, ಅಳತೆಪಟ್ಟಿ ಹುಡುಕುತ್ತ.

"ಭಯ ಎಲ್ಲಿ ಬಂತು ಸಾರ್, ನಗು ಬರತ್ತೆ. ಸಮಾಧಿ ಕಲ್ಲು ಥರ್ಮೋಕೋಲ್‌ದು, ಗಾಳಿಗೆ ಹಾರಿಹೋಗತ್ತೆ. ಚಂದ್ರನ ಹಿಂದೆ ವೈರ್ ಕಾಣ್ಸತ್ತೆ. ಆದ್ರೆ ಈ ಸೀನ್ ಮಾತ್ರ ನಮಗೆ ಪ್ರಾಣ. ಭೂತ ನಾಯಕೀನ ಎತ್ಕೊಂಡು ಬಾಗಿಲು ದಾಟತ್ತೆ, ಆಚೆ ಬರೋಷ್ಟರಲ್ಲಿ ಅವಳ ಮುಖಾನೇ ಬೇರೆ. ನಾಯಕಿ ತೂಕ ಜಾಸ್ತಿ ಅಂತ ಯಾರೋ ತೆಳ್ಳಗಿನ ಹುಡುಗೀನ ಕರ್ಕೊಂಡ್ಬಂದು, ಮುಖ ಆ ಕಡೆ ಇಟ್ಕೋ ಅಂದಿದ್ರಂತೆ. ಅವಳು ಈ ಕಡೆ ತಿರುಗಿಬಿಟ್ಟಳು. ಮತ್ತೆ ತೆಗೆಯೋಕೆ ಫಿಲ್ಮ್ ಉಳಿದಿರ್ಲಿಲ್ಲ. ಯಾರು ಅವಳು ಅಂತ ನಾವು ಹುಡುಕದ ಜಾಗ ಇಲ್ಲ."

ಚೌಕಟ್ಟಿನವನು ಕನ್ನಡಕ ಏರಿಸಿ ಬಗ್ಗಿದ. ಹುಡುಗಿಯ ಎಡಗೈ ಭೂತದ ಕೊರಳ ಸುತ್ತ ಇತ್ತು. ತುಟಿ ಭೂತದ ಕಿವಿಗೆ ತಾಗುವಷ್ಟು ಹತ್ತಿರ. ಅವಳು ಅವನ ಹೆಂಡತಿ. ಮದುವೆಗೆ ಮುಂಚಿನ, ಅವನು ಕಂಡೇ ಇರದ ಹೆಂಡತಿ.

"ಭೂತದ ಒಳಗಿರೋರು ಯಾರು?"

"ಅವರು ಸಿಕ್ಕಿದಾರೆ ಸಾರ್. ಲಾರಿ ಆಫೀಸಲ್ಲಿ ಮೂಟೆ ಹೊರ್ತಿದ್ರಂತೆ. ಈ ಭಾನುವಾರ ಸಂಘಕ್ಕೆ ಬರ್ತಾರೆ. ಭುಜ ನೋಡಿ, ಎಂಥ ಆಳು."

ಅವನು ಭುಜ ನೋಡಿದ. ಆಮೇಲೆ ಎದುರಿನ ಕನ್ನಡಿಯಲ್ಲಿ ತನ್ನದನ್ನೂ ನೋಡಿಕೊಂಡ. ಅಂಗಿ ನೇತುಹಾಕಲು ಧಾರಾಳ ಸಾಕಿತ್ತು.

"ಹುಡುಗಿ ಯಾರೋ, ನಂಗೆ ಗೊತ್ತಿಲ್ಲ," ಎಂದ, ಯಾರೂ ಕೇಳದಿದ್ದರೂ.

ಗಡ್ಡದವ ಹೋದ ಮೇಲೆ ರಟ್ಟು ಕತ್ತರಿಸಿ ಭೂತವನ್ನು ಅಂಚಿನಡಿ ತಳ್ಳಿ ನೋಡಿದ. ಹುಡುಗಿ ಗಾಳಿಯಲ್ಲಿ ಮಲಗಿದಳು, ಆದರೆ ಎರಡು ಬೂದಿ ತೋಳು ಉಳಿದವು. ತೋಳನ್ನೂ ಮುಚ್ಚಿದರೆ ಹೆಂಡತಿಯೂ ಹೋಗುತ್ತಿದ್ದಳು. ಕೆಲಸಕ್ಕೆ ಬಾರದ ರಟ್ಟನ್ನು ಬುಟ್ಟಿಗೆಸೆದು, ಗಡ್ಡದವ ಮೊಬೈಲಿಗೆ ಕಳಿಸಿದ್ದ ಆ ಸಿನಿಮಾ ಹಾಕಿದ. ಬಾಗಿಲು ದಾಟುವ ದೃಶ್ಯವನ್ನು ಹಿಂದಕ್ಕೆ ಮುಂದಕ್ಕೆ ಎಳೆದಾಡಿದ. ಅವಳ ತುಟಿ ಅಲುಗುತ್ತಿತ್ತು. ಏನನ್ನೋ ಹೇಳುತ್ತಿದ್ದಳು, ಅದೂ ಅಷ್ಟು ಮೆತ್ತಗೆ. ಆದರೆ ನಿರ್ದೇಶಕ ಅಲ್ಲಿ ಬಿರುಗಾಳಿಯ ಸದ್ದನ್ನೂ ನರಿಯೊಂದರ ಊಳನ್ನೂ ತುಂಬಿಸಿದ್ದ. ಆ ನರಿಯನ್ನು ಚೌಕಟ್ಟಿನವನು ಮನಸಾರೆ ಶಪಿಸಿದ. ತನ್ನ ಕಿವಿಯಲ್ಲಿ ಅವಳು ಕೊನೆಯದಾಗಿ ಪಿಸುಗುಟ್ಟಿದ್ದು ಯಾವಾಗ? ಸಂಬಂಧಿಕರ ಮನೆಯೊಂದರಲ್ಲಿ, ಅಂಗಿ ತಿರುವುಮುರುವು ಹಾಕಿದೀರಿ ಎಂದು.

ತಲೆಗೆ ಹುಳ ಹೊಕ್ಕಿತು. ಹೆಂಡತಿ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿಯ ಹಿಂದೆ ಕೂರುವವಳು, ಸಾಲು ತಪ್ಪಿಸಿ ಬಂದವರನ್ನು ಕಣ್ಣಲ್ಲೇ ಹಿಂದಕ್ಕೆ ಕಳಿಸುವವಳು. ಅವಳನ್ನು ನೇರ ಕೇಳುವುದೆಂದರೆ ಸುಮ್ಮನೆಯೇ? ಊಟದ ಹೊತ್ತಿಗೆ ಸುತ್ತುಬಳಸಿ ಹೋದ.

"ನಿಂಗೆ ಲಾರಿ ಆಫೀಸಿನವರು ಯಾರಾದ್ರೂ ಪರಿಚಯ ಇದಾರಾ?"

"ಯಾಕೆ, ಮನೆ ಖಾಲಿ ಮಾಡ್ತಿದೀವಾ?"

ವಿಚಾರಣೆ ಅಲ್ಲಿಗೆ ಮುಗಿಯಿತು.

ಶನಿವಾರ ಗಡ್ಡದವ ಚೌಕಟ್ಟು ಒಯ್ಯಲು ಬಂದಾಗಲೇ ಅವಳೂ ಊಟದ ಡಬ್ಬಿ ಹಿಡಿದು ಬಂದಳು. ಮೇಜಿನ ಮೇಲೆ ಕಣ್ಣು ಬಿತ್ತು.

"ಅಯ್ಯೋ, ಇದು ನಾನಲ್ವಾ," ಎಂದು ನಗತೊಡಗಿದಳು.

ಗಡ್ಡದವ ಸ್ಟೂಲು ಹುಡುಕಿಕೊಂಡು ಕೂತ. ಚೌಕಟ್ಟಿನವನು ಕೇಳಿದ, "ನಂಗೆ ಹೇಳ್ಲೇ ಇಲ್ವಲ್ಲ."

"ಏನಂತ ಹೇಳ್ಲಿ? ಮದುವೆಗೆ ಮುಂಚೆ ಒಂದು ಭೂತ ಎತ್ಕೊಂಡಿತ್ತು ಅಂತ್ಲಾ? ನಮ್ಮ ಟೈಪಿಂಗ್ ಕ್ಲಾಸ್ ಮಹಡೀಲಿ ಶೂಟಿಂಗ್ ನಡೀತಿತ್ತು. ಹಗುರ ಇರೋರು ಯಾರು ಅಂತ ಕೇಳಿದ್ರು, ಎಲ್ಲರೂ ನನ್ನ ಕಡೆ ನೋಡಿದ್ರು. ಈಗ ಕೇಳಿದ್ರೆ ನಿಮ್ಮನ್ನ ನೋಡ್ತಾರೆ."

"ಕಿವೀಲಿ ಏನು ಹೇಳ್ತಿದ್ದೆ?"

"ದಾರಿ ರೀ. ಮುಖವಾಡದ ಮೇಲೆ ಕಣ್ಣು ಎಷ್ಟು ಚಂದ ಬರೆದಿದ್ರು ಅಂದ್ರೆ, ತೂತು ಮಾಡೋಕೆ ಯಾರಿಗೂ ಮನಸ್ಸು ಬರ್ಲಿಲ್ಲ. ಒಳಗಿದ್ದೋನಿಗೆ ಏನೂ ಕಾಣ್ತಿರ್ಲಿಲ್ಲ. ಎಡಕ್ಕೆ ಬನ್ನಿ, ಮೆಟ್ಟಿಲು, ಇನ್ನೊಂದು, ವೈರ್ ದಾಟಿ ಅಂತಿದ್ದೆ. ಅದಕ್ಕೇ ಮುಖ ಈ ಕಡೆ ತಿರುಗಿದ್ದು."

ಚೌಕಟ್ಟಿನವನ ಎದೆಯಿಂದ ಬಂಡೆ ಇಳಿಯಿತು. ಇಳಿದದ್ದು ಒಂದು ಗಳಿಗೆ ಮಾತ್ರ. ಅವಳು ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತ ಹೇಳಿದಳು, "ಪಾಪ, ಹೇಳಿದ ಹಾಗೇ ಕೇಳಿದ ಮನುಷ್ಯ. ಒಂದು ಸಲಾನೂ ಯಾಕೆ ಅನ್ನಲಿಲ್ಲ."

ಅವಳು ಪ್ರೇಮದ ಮಾತಾಡಿದ್ದರೆ ಹೇಗೋ ಸಹಿಸಬಹುದಿತ್ತು. ಈ ಮೆಚ್ಚುಗೆಯನ್ನಲ್ಲ. ನಡೆಯುವ ದಾರಿಯಿಂದ ಕೊಳ್ಳುವ ಚಪ್ಪಲಿಯವರೆಗೆ ಅವಳು ಹೇಳಿದ್ದಕ್ಕೆಲ್ಲ 'ಯಾಕೆ' ಎಂದೇ ಬಾಯಿ ತೆರೆದವನು ಅವನು.

ಭಾನುವಾರ, ಗಡ್ಡದವನ ಒತ್ತಾಯಕ್ಕೆ ಗಂಡಹೆಂಡತಿ ಇಬ್ಬರೂ ಹೋಗಿದ್ದಾಗ, ಮುದ್ರಣಾಲಯದ ಮಸಿ ಹತ್ತಿದ ಗೋಡೆಯ ಮೇಲೆ ಚಿತ್ರ ಓಡಿತು. ಥರ್ಮೋಕೋಲ್ ಕಲ್ಲಿಗೆ ಶಿಳ್ಳೆ, ವೈರಿಗೆ ಚಪ್ಪಾಳೆ, ಅವಳ ಮುಖ ಬಂದಾಗ ಜನ ಎದ್ದೇ ನಿಂತರು. ಮುಂದಿನ ಸಾಲಿನಲ್ಲಿ ಭೂತ ಕೂತಿತ್ತು, ಬೋಳುತಲೆ, ಕೈಯಲ್ಲಿ ಊರುಗೋಲು. ಚೌಕಟ್ಟಿನವನಿಗೆ ಆ ಊರುಗೋಲಿನಿಂದ ನಾಚಿಕೆಗೇಡಿನಷ್ಟು ಸಂತೋಷವಾಯಿತು. ಭುಜ ಮಾತ್ರ ಇನ್ನೂ ಹಾಗೇ ಇತ್ತು.

ಆ ದೃಶ್ಯವನ್ನು ಮತ್ತೊಮ್ಮೆ ಮಾಡಿ ತೋರಿಸಿ ಎಂದು ಜನ ಹಟ ಹಿಡಿದರು. ಸಂಘದವರು ಅದೇ ಮುಖವಾಡದ ನಕಲು ಮಾಡಿ ತಂದಿದ್ದರು, ನಿಷ್ಠೆಯಿಂದ, ತೂತಿಲ್ಲದೆ.

"ಆಗಲ್ಲಮ್ಮ, ಮಂಡಿ ಹೋಗಿದೆ," ಎಂದ ಮುದುಕ. ಅವನ ಕೈ ಹಿಡಿದು ಎಬ್ಬಿಸಲು ಹೆಂಡತಿ ಬಗ್ಗಿದಳು.

"ನಾನು ಹಾಕ್ಕೋತೀನಿ," ಎಂದು ಚೌಕಟ್ಟಿನವನು ಎದ್ದೇಬಿಟ್ಟ. ತೋಳು ಚಾಚಿ ಅವಳನ್ನು ಎತ್ತಲೂ ಹೋದ.

"ಎತ್ತೋದೆಲ್ಲ ಬೇಡಿ. ನಾಳೆ ಕಿಟಕೀಲಿ ನಿಮ್ಮ ಹೆಸರಿಗೂ ಚೀಟಿ ಬರೀಬೇಕಾಗತ್ತೆ."

ರಟ್ಟಿನ ಮುಖವಾಡದೊಳಗೆ ಕಗ್ಗತ್ತಲು, ಅಂಟಿನ ವಾಸನೆ, ತನ್ನದೇ ಏದುಸಿರು. ಮೊಣಕೈಗೆ ಅವಳ ಕೈ ಬಂತು. ಆಮೇಲೆ ಕಿವಿಯ ಹತ್ತಿರ ಆ ದನಿ, ಬಿರುಗಾಳಿಯಿಲ್ಲದೆ, ನರಿಯಿಲ್ಲದೆ. "ಎಡಕ್ಕೆ ಬನ್ನಿ. ಇಲ್ಲೊಂದು ಹಲಗೆ ಇದೆ. ಕಾಲೆತ್ತಿ. ಹಾಂ." ಅವನು ಎಡಕ್ಕೆ ಬಂದ, ಕಾಲೆತ್ತಿದ. 'ಯಾಕೆ' ಎಂಬುದು ಗಂಟಲವರೆಗೆ ಬಂದರೂ ನುಂಗಿಕೊಂಡ. ವೇದಿಕೆಯ ನಡುವಿಗೆ ತಲುಪಿರಬೇಕು, ಮೊಣಕೈ ಮೇಲಿನ ಕೈ ಸಡಿಲವಾಯಿತು.

"ಮಂಡಿಗೆ ಔಷಧಿ ತಗೋತಿದೀರಾ?" ಅವಳ ದನಿ ಈಗ ಮುಂದಿನ ಸಾಲಿನ ಕಡೆಗಿತ್ತು. "ನಮ್ಮ ಆಸ್ಪತ್ರೆಗೇ ಬಂದ್ಬಿಡಿ, ಸಾಲಲ್ಲಿ ನಿಲ್ಲೋದು ಬೇಡ."

ಮುದುಕ ಅದೇನೋ ಮೆಲ್ಲಗೆ ಹೇಳಿದ. ಅವಳು ನಕ್ಕಳು. ಏನು ಹೇಳಿದನೆಂದು ರಟ್ಟಿನೊಳಗಿಂದ ಕೇಳಿಸಲಿಲ್ಲ. ಮುಖವಾಡ ಕಿತ್ತೆಸೆಯಲು ಚೌಕಟ್ಟಿನವನ ಕೈ ಅರ್ಧ ಎದ್ದಿತು. ಎದ್ದ ಕೈ ಅಲ್ಲೇ ನಿಂತಿತು. ಶೂಟಿಂಗಿನ ದಿನ ಆ ಇನ್ನೊಬ್ಬ ಕಿತ್ತೆಸೆದಿರಲಿಲ್ಲ.

ತೋಳು ಚಾಚಿಕೊಂಡು, ಮುಂದಿನ ಹೆಜ್ಜೆ ಎತ್ತ ಎಂದು ಅವಳು ಹೇಳಲೆಂದು ಕಾಯುತ್ತ, ಹೊಟ್ಟೆಯಲ್ಲಿ ಕೆಂಡ ತುಂಬಿಕೊಂಡು ಅವನು ಅಲುಗದೆ ನಿಂತ. ಇಷ್ಟು ಚೆನ್ನಾಗಿ ನಿಲ್ಲುವ ಭೂತವನ್ನು ಕಂಡೇ ಇಲ್ಲವೆಂದು ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು.